ಮಾವ ಕರೆಸಿದ ಜರ್ಮನ್ ಸಾಕ್ಷಿ

ಕಳೆದ ಶುಕ್ರವಾರ ಮಧ್ಯಾಹ್ನ ಹನ್ನೆರಡೂ ಐವತ್ತು. ಮಸ್ಕತ್‌ನ ದಾರ್ಸೈಟ್ ಬಡಾವಣೆಯ ಕಟ್ಟಡವೊಂದರ ಕೆಳಗೆ ಜರ್ಮನ್ ಅತಿಥಿಯೊಬ್ಬರು ಬಾಡಿಗೆ ಕಾರಿನೊಳಗೆ ಕುಳಿತು ಗಡಿಯಾರ ನೋಡುತ್ತಿದ್ದರು. ಮೂರನೇ ಮಹಡಿಯಲ್ಲಿ ನಮ್ಮ ವಸಂತಿ ಅತ್ತೆ ಇನ್ನೂ ನೈಟಿಯಲ್ಲಿದ್ದರು.

"ಅಯ್ಯೋ, ಬಂದೇ ಬಿಟ್ರಲ್ಲ!" ನನ್ನ ಜೊತೆ ಕಿಟಕಿಯಿಂದ ಬಗ್ಗಿ ನೋಡಿದ ಅತ್ತೆಗೆ ಗಾಬರಿ. "ಒಂದು ಗಂಟೆ ಅಂದ್ರೆ ಎರಡು ಗಂಟೆಗೆ ಬರುದಲ್ವಾ? ಅಷ್ಟೂ ಗೊತ್ತಿಲ್ವಾ ಅವರಿಗೆ?"

ಅತ್ತೆ ಸೀರೆ ಉಟ್ಟು ಮುಗಿಸುವಷ್ಟರಲ್ಲಿ, ಸರಿಯಾಗಿ ಒಂದಕ್ಕೆ ಬೆಲ್ ಆಯಿತು. (ಒಂದು ನಿಮಿಷ ಮೊದಲೂ ಬರಬಾರದು. ಕೆಳಗೆ ಕಾದದ್ದು ಅದಕ್ಕೇ.)

ಅತಿಥಿಯ ಹೆಸರು ಸ್ಟೆಫಾನ್. ಒಮಾನಿನದೇ ಇನ್ನೊಂದು ಊರು ಸೊಹಾರ್‌ನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದು ಎರಡು ತಿಂಗಳಾಯಿತು. ಅವರನ್ನು ಊಟಕ್ಕೆ ಕರೆಸಿದ್ದು ಅತ್ತೆಯ ಗಂಡ ಸುರೇಶ ಮಾವ. ಊಟ ನೆಪ. ಅಸಲಿಗೆ ಅವರು ಸಾಕ್ಷಿ ಹೇಳಬೇಕಿತ್ತು, ಮಾವನ ಮಗ ಪ್ರಜ್ವಲನ ವಿರುದ್ಧ.

ಪ್ರಜ್ವಲನ ಅಪರಾಧವೇನು? ಹನ್ನೆರಡನೇ ಕ್ಲಾಸು ಮುಗಿಸಿದವನು ಬಿಇ ಮಾಡುವುದಿಲ್ಲ ಎಂದ. ಜರ್ಮನಿಗೆ ಹೋಗಿ ಅಪ್ರೆಂಟಿಸ್ ಆಗುತ್ತಾನಂತೆ. ಅಲ್ಲಿ ಅದಕ್ಕೆ ಔಸ್‌ಬಿಲ್ಡುಂಗ್ ಅನ್ನುತ್ತಾರೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಯಂತ್ರಗಳ ಜೊತೆ ಕೆಲಸ, ಹೀಗೆ ಮೂರೂವರೆ ವರ್ಷ. ಹುಡುಗ ಆಗಲೇ ಫೋನಿನಲ್ಲಿ ಜರ್ಮನ್ ಕಲಿಯುತ್ತಿದ್ದ. ಒಂದು ಕಂಪನಿ ಆನ್‌ಲೈನ್ ಇಂಟರ್‌ವ್ಯೂ ಮಾಡಿ 'ಭಾಷೆಯ ಪರೀಕ್ಷೆ ಪಾಸಾಗಿ ಬಾ' ಎಂದೂ ಹೇಳಿತ್ತು. ಇನ್ನು ಬೇಕಿದ್ದದ್ದು ಅಪ್ಪನ 'ಹೂಂ' ಮಾತ್ರ.

ಅದೇ ಕಷ್ಟ. ಮಾವ ಇಪ್ಪತ್ತೆರಡು ವರ್ಷದಿಂದ ಮಸ್ಕತ್‌ನ ಕಂಪನಿಯೊಂದರಲ್ಲಿ ಅಡ್ಮಿನ್ ನೋಡಿಕೊಳ್ಳುವವರು. ಎಷ್ಟು ಜನರ ವೀಸಾ ಕಾಗದ ತುಂಬಿದ್ದಾರೋ ಲೆಕ್ಕವಿಲ್ಲ.

"ನೋಡು ಮಾರಾಯ್ತಿ," ಎಂದಿದ್ದರು ನನಗೆ ಫೋನಿನಲ್ಲಿ. "ಗಲ್ಫಿನಲ್ಲಿ ಮನುಷ್ಯನನ್ನು ಯಾರೂ ನೋಡುದಿಲ್ಲ. ವೀಸಾದಲ್ಲಿ ಎಂತ ಕೆಲಸ ಬರ್ದುಂಟು, ಅದನ್ನು ನೋಡುದು. ನನ್ನ ಮಗನ ಹೆಸರಿನ ಮುಂದೆ ಮೆಕ್ಯಾನಿಕ್ ಅಂತ ಬರಿಬೇಕಾ? ನೀನು ಡಿಬೇಟ್‌ನಲ್ಲಿ ಅಷ್ಟು ಕಪ್ ತಂದವಳು. ಅವನ ತಲೆ ಸ್ವಲ್ಪ ಸರಿ ಮಾಡು."

ಡಿಬೇಟ್ ಕಲಿತವರಿಗೊಂದು ಕೆಟ್ಟ ಚಟ. ಯಾವ ಪಕ್ಷ ಕೊಟ್ಟರೂ ವಾದಿಸುತ್ತೇವೆ. (ನಂಬಿಕೆ? ಅದಕ್ಕೆ ಮಾರ್ಕ್ಸ್ ಇಲ್ಲ.) ನಾನು ಶ್ರದ್ಧೆಯಿಂದ ಓದಿಕೊಂಡು ಪ್ರಜ್ವಲನಿಗೆ ಫೋನ್ ಮಾಡಿದೆ. ಆ ದೇಶದಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಿದ್ದಂತೆ, ಹತ್ತು ವರ್ಷದ ಮಕ್ಕಳನ್ನು ನೀನು ಕಾಲೇಜಿಗೆ ಹೋಗುವವರ ಶಾಲೆಗೆ, ನೀನು ಕೈಕೆಲಸದವರ ಶಾಲೆಗೆ ಎಂದು ಬೇರೆ ಮಾಡುತ್ತಾರೆ, ಗೊತ್ತಾ? ಹಿಂದೆ ತುರ್ಕಿಯಿಂದ ಕೆಲಸದವರನ್ನು ಕರೆಸಿಕೊಂಡಾಗ ಇಟ್ಟ ಹೆಸರೇನು? 'ಅತಿಥಿ ಕಾರ್ಮಿಕರು'. ಅತಿಥಿಗಳು ಕೆಲಸ ಮುಗಿಸಿ ಹೊರಡುತ್ತಾರೆ ಅಂದುಕೊಂಡಿದ್ದರು. ಹೊರಡಲಿಲ್ಲ. ಮೊಮ್ಮಕ್ಕಳನ್ನೂ ಇವತ್ತಿಗೂ 'ನಿಮ್ಮದು ಯಾವ ಊರು' ಎಂದು ಕೇಳುವವರಿದ್ದಾರಂತೆ. ಈಗ ಅವರದೇ ಹುಡುಗರಿಗೆ ಕೈ ಕಪ್ಪು ಮಾಡಿಕೊಳ್ಳುವ ಕೆಲಸ ಬೇಡವಾಗಿದೆ. ಅದಕ್ಕೇ ನಿನ್ನನ್ನು ಕರೆಯುವುದು. ಇದರಲ್ಲಿ ಹಿಗ್ಗುವಂಥದ್ದೇನಿದೆ?

ಪ್ರಜ್ವಲ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ: "ಯೂ ಆರ್ ರೈಟ್, ಅಕ್ಕಾ. ಬಟ್ ಐ ಸ್ಟಿಲ್ ವಾಂಟ್ ಟು ಗೋ."



ನಾನು ಸೋತ ಸುದ್ದಿ ಮುಟ್ಟಿದ ಮೇಲೆ ಮಾವನಿಗೆ ಹೊಳೆದದ್ದು ಸ್ಟೆಫಾನ್. "ನಿಮ್ಮಲ್ಲಿ ಜರ್ಮನಿಯ ದೊಡ್ಡ ಇಂಜಿನಿಯರ್ ಬಂದಿದ್ದಾರಲ್ಲ, ಊಟಕ್ಕೆ ಬರ್ಲಿಕ್ಕೆ ಹೇಳು. ಡಿಗ್ರಿ ಯಾಕೆ ಬೇಕು ಅಂತ ಅವರೇ ಹೇಳ್ಲಿ."

ತಪ್ಪಾದದ್ದು ಇಲ್ಲೇ. ಸ್ಟೆಫಾನ್ ಏನು ಓದಿದ್ದಾರೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಜರ್ಮನಿಯಿಂದ ವಿಮಾನ ಹತ್ತಿ ಬಂದು ಯಂತ್ರ ಕೂರಿಸುವವರು ಇಂಜಿನಿಯರ್ ಅಲ್ಲದೆ ಮತ್ತೇನು? ನಮ್ಮವರ ಲೆಕ್ಕವೇ ಹಾಗೆ. ಎಲ್ಲದಕ್ಕೂ ಸಾಕ್ಷ್ಯ ಕೇಳುವ ನಾನೂ ಅವತ್ತು ಕೇಳಲಿಲ್ಲ.

ನೀರು ದೋಸೆ, ಕೋಳಿ ಗಸಿ ಬಂತು. ಮಾವ ಗಂಟಲು ಸರಿಮಾಡಿಕೊಂಡು ಮಗನ ಕಡೆ ಒಮ್ಮೆ ನೋಡಿ, "ಸರ್, ವಿಚ್ ಯೂನಿವರ್ಸಿಟಿ?" ಎಂದರು.

"ಯಾವುದೂ ಇಲ್ಲ," ಎಂದರು ಸ್ಟೆಫಾನ್ ಇಂಗ್ಲಿಷಿನಲ್ಲಿ. "ಹದಿನಾರಕ್ಕೆ ಅಪ್ರೆಂಟಿಸ್ ಆದೆ."

ಮಾವನ ಕೈಯ ದೋಸೆ ಗಸಿಯಲ್ಲೇ ನಿಂತಿತು.

ಸ್ಟೆಫಾನ್ ಪೂರ್ವ ಜರ್ಮನಿಯವರು. ಬರ್ಲಿನ್ ಗೋಡೆ ಬಿದ್ದಾಗ ಅವರಿಗೆ ಹದಿನೈದು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಡಿಗ್ರಿ ಪಡೆದ ಇಂಜಿನಿಯರ್. ಜನ ಬೀದಿಯಲ್ಲಿ ಕುಣಿದರು, ಎರಡು ದೇಶ ಒಂದಾಯಿತು, ಆ ಕಾರ್ಖಾನೆಗೆ ಬೀಗ ಬಿತ್ತು. "ಅಪ್ಪನ ಸರ್ಟಿಫಿಕೇಟು ಹಾಗೇ ಇತ್ತು. ಆದರೆ ಮನೆ ನಡೆಸಿದ್ದು ಅಜ್ಜ. ಅವರು ಪ್ಲಂಬರ್," ಎಂದರು. ಈಗ ಸ್ಟೆಫಾನೂ ಅವರ ತಂಗಿಯೂ ಸೇರಿ ಮೂವತ್ತು ಜನರ ಕಂಪನಿ ನಡೆಸುತ್ತಾರೆ. ಅದರಲ್ಲಿ ಇಬ್ಬರು ಡಿಗ್ರಿ ಆದ ಇಂಜಿನಿಯರುಗಳು.

ಪ್ರಜ್ವಲ ತಟ್ಟೆ ನೋಡಿಕೊಂಡು ನಗುತ್ತಿದ್ದ. ನನ್ನ ಪಕ್ಷ ಮುಳುಗುತ್ತಿರುವುದನ್ನು ಕಂಡು ನಾನೇ ಪಾಟಿ ಸವಾಲಿಗೆ ಇಳಿದೆ. ಹತ್ತು ವರ್ಷದ ಮಕ್ಕಳನ್ನು ಬೇರೆ ಮಾಡುವುದು? "ತಪ್ಪು. ನನ್ನ ಮಗಳಿಗೂ ಹಾಗೆ ಆಯಿತು." ನಿಮ್ಮ ಹುಡುಗರೇಕೆ ಈ ಕೆಲಸಕ್ಕೆ ಬರುವುದಿಲ್ಲ? "ನಿಜ, ಬರುವುದಿಲ್ಲ. ನಮ್ಮ ಬೀದಿಯ ಬೇಕರಿ ಅದಕ್ಕೇ ಮುಚ್ಚಿತು." ಹೊರಗಿನವರಿಗೆ ಕಷ್ಟವಲ್ಲವೇ? "ಮೊದಲ ಚಳಿಗಾಲದಲ್ಲಿ ಅಳು ಬರುತ್ತದೆ." ಎಲ್ಲವನ್ನೂ ಒಪ್ಪಿಕೊಳ್ಳುವ ಎದುರಾಳಿಗಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ!

ಆಮೇಲೆ ಅವರು ಪ್ರಜ್ವಲನ ಕಡೆ ತಿರುಗಿದರು. "ನೀನು ಏನಾದರೂ ರಿಪೇರಿ ಮಾಡಿದ್ದೀಯಾ? ತೋರಿಸು."

ಪ್ರಜ್ವಲ ಅಮ್ಮನನ್ನು ನೋಡಿದ. ಅಮ್ಮ ಗಂಡನನ್ನು ನೋಡಿದರು. ಮತ್ತೆ ಧೈರ್ಯ ಮಾಡಿ ಅಡುಗೆಮನೆಯತ್ತ ಕೈ ತೋರಿಸಿದರು. "ಗ್ರೈಂಡರ್."

"ಅದು ರುವಿ ಪೇಟೆಯ ಅಂಗಡಿಯಲ್ಲಿ ರಿಪೇರಿ ಮಾಡ್ಸಿದ್ದಲ್ವಾ?" ಎಂದರು ಮಾವ.

"ಎಂತ ಅಂಗಡಿಯೂ ಇಲ್ಲ. ಇವನೇ ಮಾಡಿದ್ದು. ಹೇಳಿದ್ರೆ 'ಓದುದು ಬಿಟ್ಟು ಸ್ಕ್ರೂ ತಿರುಗಿಸ್ತಾನೆ' ಅಂತ ನೀವು ಬೊಬ್ಬೆ ಹಾಕ್ತಿದ್ರಿ. ಮೂರು ತಿಂಗಳಿಂದ ನೀವು ತಿನ್ನುವ ದೋಸೆ ಅದ್ರದ್ದೇ!"

ಸ್ಟೆಫಾನ್ ಕೈ ತೊಳೆದು ಬಂದರು. ಪ್ಲಗ್ ತೆಗೆಸಿ, ಗ್ರೈಂಡರ್ ಮಗುಚಿ ಹಾಕಿ, ತಳ ಬಿಚ್ಚಿ ಇಣುಕಿದರು.

"ಸರಿ ಇಲ್ಲ," ಎಂದರು. ವೈರ್ ಬರೀ ಹೊಸೆದು ಟೇಪ್ ಸುತ್ತಿದ್ದು ಅಪಾಯ. ಬೆಲ್ಟ್ ಅತಿ ಬಿಗಿ. ಒಂದು ಸ್ಕ್ರೂ ಬೇರೆ ಅಳತೆಯದ್ದು. ಮುಖದಲ್ಲಿ ನಗು ಇಲ್ಲ, 'ಆದರೂ ಪರವಾಗಿಲ್ಲ' ಎಂಬ ಬೆಣ್ಣೆಯೂ ಇಲ್ಲ.

ನನಗೆ ಈ ಭಾಷೆ ಗೊತ್ತು. ಎರಡು ತಿಂಗಳಲ್ಲಿ ಸ್ಟೆಫಾನ್ ಯಾರಿಗೂ 'ಗುಡ್' ಅಂದದ್ದಿಲ್ಲ. ಲೆಕ್ಕಕ್ಕಿಲ್ಲದವರ ಕೆಲಸವನ್ನು ಬಿಚ್ಚಿ ನೋಡುವುದೂ ಇಲ್ಲ. ಪ್ರಜ್ವಲನಿಗೂ ಅರ್ಥವಾಯಿತೋ ಏನೋ, ಪೆನ್ನು ತಂದು ಒಂದೊಂದೇ ತಪ್ಪನ್ನು ಬರೆದುಕೊಳ್ಳತೊಡಗಿದ.

ಆದರೆ ಮಾವ? ಮುಖ ಕೆಂಪಾಗಿತ್ತು.

"ಸರ್! ತ್ರೀ ಮಂತ್ಸ್ ಡೈಲಿ ರನ್ನಿಂಗ್! ನೋಬಡಿ ಟಾಟ್ ಹಿಮ್! ಯೂ ಏಟ್ ಸಿಕ್ಸ್ ದೋಸಾ ಫ್ರಮ್ ದಿಸ್ ಓನ್ಲಿ!"

"ಓಡುವುದು ಬೇರೆ, ಸರಿ ಇರುವುದು ಬೇರೆ," ಎಂದರು ಸ್ಟೆಫಾನ್ ಶಾಂತವಾಗಿ. "ಕಲಿಸಿದರೆ ಸರಿಯಾಗಿ ಮಾಡುತ್ತಾನೆ."

"ಹಾಗಾದ್ರೆ ಕಲಿಸಿ!" ಮಾವನ ಇಂಗ್ಲಿಷ್ ಖಲಾಸ್ ಆಗಿ ಕನ್ನಡವೇ ಹೊರಬಂತು. "ಕಲಿಸದೆ ತಪ್ಪು ತಪ್ಪು ಅಂದ್ರೆ ಹೇಗೆ? ಒಬ್ಬನೇ ಕೂತು ಇಷ್ಟು ಮಾಡಿದವ ನಿಮ್ಮ ಊರಿಗೆ ಬಂದ್ರೆ ಎಂತೆಲ್ಲ ಮಾಡಿಯಾನು, ಗೊತ್ತುಂಟಾ ನಿಮಗೆ?"

ತಮ್ಮ ಬಾಯಿಂದ ಬಿದ್ದದ್ದೇನು ಎಂದು ಮಾವನಿಗೆ ಹೊಳೆಯುವ ಹೊತ್ತಿಗೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿ ನಗುತ್ತಿದ್ದರು. ನಾನು ಸ್ಟೆಫಾನ್‌ಗೆ ಅನುವಾದ ಮಾಡಿ ಹೇಳಿದೆ. ಅವರು ತಲೆಯಾಡಿಸಿ, ಮತ್ತೆರಡು ದೋಸೆ ಸಿಗಬಹುದೇ ಎಂದು ಕೇಳಿದರು.

ನನ್ನ ಬಳಿ ಇನ್ನೂ ಒಂದು ಪಾಯಿಂಟ್ ಇತ್ತು. ನುಂಗಿಕೊಂಡೆ. (ನನ್ನ ಜೀವನದಲ್ಲಿ ಮೊದಲ ಸಲ.)

ಮರುದಿನ ಬೆಳಿಗ್ಗೆ ಮಾವನ ಫೋನ್: "ಆ ಜರ್ಮನ್ ಭಾಷೆಯ ಕ್ಲಾಸು ಇಲ್ಲಿ ಎಲ್ಲಿ ಉಂಟು, ವಿಚಾರಿಸು. ಫೋನಿನಲ್ಲಿ ಕಲಿತದ್ದು ಅವರಿಗೆ ಸಾಕಾಗ್ಲಿಕ್ಕಿಲ್ಲ. ಮತ್ತೆ ಅದರಲ್ಲೂ ತಪ್ಪು ಹುಡುಕ್ತಾರೆ."

ಮಗನನ್ನು ಬೈಯುವ ಹಕ್ಕು ತನ್ನೊಬ್ಬನದೇ ಎಂದು ನಂಬಿರುವ ಅಪ್ಪನೆದುರು ಬೇರೆ ಯಾರಾದರೂ ಬೈದು ನೋಡಲಿ, ಆ ಮಗನಿಗೆ ಅಪ್ಪನಿಗಿಂತ ಒಳ್ಳೆಯ ವಕೀಲ ಭೂಮಿಯ ಮೇಲೆ ಸಿಗುತ್ತಾನೆಯೇ?