ಮೂವರ ಸಂಗೀತ, ಇಬ್ಬರ ಕಛೇರಿ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಸಿಡ್ನಿಯ ಹೊರವಲಯದ ನಾರ್ವೆಸ್ಟ್‌ನ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಕೆಲಸ. ಇನ್ನೊಮ್ಮೆ ಮಾಡಿ ತೋರಿಸಲಾಗದ ಯಾವುದನ್ನೂ ನಾವು ಒಪ್ಪುವುದಿಲ್ಲ. ಉಡುಪಿಯಲ್ಲಿ ಮನೆಯ ಹಿರಿಯರು ಕುಲೆ, ಪ್ರೇತ ಎಂದು ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಆಗ ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯಲ್ಲಿದ್ದೆವು. ಊರಿನಲ್ಲಿ ಕಲಿತಿದ್ದ ವಯೊಲಿನ್ನನ್ನು ಇಲ್ಲಿನ ಪದ್ಧತಿಗೆ ತಿದ್ದಿಕೊಳ್ಳಲು ಹೆಲೆನ್ ಎಂಬ ಪಿಯಾನೊ ಟೀಚರ್ ಮನೆಗೆ ಹೋಗುತ್ತಿದ್ದೆ. ಕಾಲಿನ್ ಪರಿಚಯವಾದದ್ದು ಅಲ್ಲಿಯೇ. ಅವರು ನಿವೃತ್ತ ಭೂಗೋಳದ ಮೇಷ್ಟ್ರು, ಹಾರ್ನ್ ನುಡಿಸುತ್ತಿದ್ದರು. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಹಿತ್ತಾಳೆಯ ವಾದ್ಯ ಅದು. ಹಾರ್ನ್, ವಯೊಲಿನ್, ಪಿಯಾನೊ ಈ ಮೂರಕ್ಕೆಂದೇ ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಂಗೀತಗಾರನೊಬ್ಬ ಬರೆದ ಕೃತಿಯನ್ನು ನಾವು ಶನಿವಾರಗಳಲ್ಲಿ ಅಭ್ಯಾಸ ಮಾಡುತ್ತಿದ್ದೆವು. ತಾಯಿ ತೀರಿಕೊಂಡ ದುಃಖದಲ್ಲಿ ಬರೆದದ್ದಂತೆ. ಅದರ ಮೂರನೆಯ ಭಾಗ ಬಹಳ ನಿಧಾನ. ಒಂದು ಕಡೆ ಪಿಯಾನೊ ಸುಮ್ಮನಾಗುತ್ತದೆ, ಹಾರ್ನ್ ಒಂಟಿಯಾಗಿ ಹಾಡುತ್ತದೆ, ಆಮೇಲೆ ವಯೊಲಿನ್ ಅದಕ್ಕೆ ಉತ್ತರ ಕೊಡುತ್ತದೆ.

ಕಾಲಿನ್ ಅವರ ಅಕ್ಕ ರೂತ್ ಮೆಲ್ಬರ್ನ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿದ್ದರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ತಮ್ಮನನ್ನು ಸಾಕಿದವರು ಅವರೇ. ಸ್ಟ್ರೋಕ್ ಆದ ಮೇಲೆ ಮಾತು ನಿಂತಿತ್ತು, ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಕಾಲಿನ್ ಒಂದು ದಿನ ಹಾರ್ನ್ ಒರೆಸುತ್ತಾ, "ನನ್ನ ಮುಖ ಮರೆತಿದ್ದಾಳೆ. ಇದರ ದನಿ ಮರೆತಿರಲಿಕ್ಕಿಲ್ಲ. ಒಮ್ಮೆ ಅವಳ ಮುಂದೆ ನುಡಿಸೋಣವೇ?" ಎಂದು ಕೇಳಿದರು. ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ.

ಹೆಲೆನ್ ಮತ್ತು ನಾನು ಹಿಂದಿನ ದಿನವೇ ಮೆಲ್ಬರ್ನ್ ಸೇರಿದೆವು. ಕಾಲಿನ್ ಹೊರಡಬೇಕಿದ್ದ ಬೆಳಗ್ಗೆ ಸಿಡ್ನಿಯಲ್ಲಿ ಮಂಜು ಕವಿದು ವಿಮಾನ ರದ್ದಾಯಿತು. ಫೋನಿನಲ್ಲಿ ಅವರ ಸ್ವರ ಕುಗ್ಗಿಹೋಗಿತ್ತು. "ಇವತ್ತು ಅಂತ ಅವಳಿಗೆ ಹೇಳಿಬಿಟ್ಟಿದ್ದೇನೆ. ನೀವಿಬ್ಬರೇ ನುಡಿಸಿ," ಎಂದರು. ಹಾರ್ನಿನ ಸ್ವರಗಳನ್ನು ಆದಷ್ಟು ಪಿಯಾನೊದಲ್ಲೇ ತುಂಬುವುದಾಗಿ ಹೆಲೆನ್ ಒಪ್ಪಿಕೊಂಡರು.

ಚಳಿಗಾಲದ ಮಧ್ಯಾಹ್ನ. ಹೀಟರಿನ ಬಿಸಿಗೆ ಕೋಣೆಯಲ್ಲಿದ್ದ ಮುದುಕ ಮುದುಕಿಯರೆಲ್ಲ ಅರೆನಿದ್ದೆಯಲ್ಲಿದ್ದರು. ರೂತ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಮೊದಲೆರಡು ಭಾಗಗಳು ಹೇಗೋ ಮುಗಿದವು. ಮೂರನೆಯದರಲ್ಲಿ ಆ ಜಾಗ ಬಂದಾಗ ಹೆಲೆನ್ ರೂಢಿಯಂತೆ ಪಿಯಾನೊದಿಂದ ಕೈ ಎತ್ತಿಬಿಟ್ಟರು. ಹಾರ್ನಿನ ಸ್ವರ ತುಂಬುವುದು ಮರೆತೇ ಹೋಗಿತ್ತು. ನಾನು ಕಾದೆ. ಆಗ ಹಾರ್ನ್ ಕೇಳಿಸಿತು.

ಜೋರಾಗಿ ಅಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಗೋಡೆಯ ಕಡೆ ಮುಖ ಮಾಡಿ ನುಡಿಸಿದ ಹಾಗೆ. ಕನಸಿನಲ್ಲಿ ಯಾವುದೂ ವಿಚಿತ್ರವೆನಿಸುವುದಿಲ್ಲವಲ್ಲ, ನನಗೂ ಹಾಗೇ ಏನೂ ಅನಿಸಲಿಲ್ಲ. ಅದರ ಜೊತೆ ಉಸಿರು ತೆಗೆದುಕೊಂಡೆ, ಅದು ಮುಗಿದಲ್ಲಿಂದ ಎತ್ತಿಕೊಂಡೆ. ರೂತ್ ಎಡಗೈ ಮೇಲೆತ್ತಿ, ಗಾಳಿಯನ್ನು ಮೆಲ್ಲನೆ ಕೆಳಕ್ಕೆ ಒತ್ತಿದರು. ತಾಳ ಹಾಕುತ್ತಿದ್ದಾರೆ ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಅಲ್ಲಿನ ನರ್ಸ್, ಮೈಸೂರಿನ ಹುಡುಗಿ ಶೋಭಾ, ಟ್ರೇ ಹಿಡಿದು ಬಂದಳು. "ಅಕ್ಕಾ, ಹಾರ್ನ್ ಊದ್ತಿದ್ರಲ್ಲ ಆ ಅಂಕಲ್ ಎಲ್ಲಿ? ಮೂರು ಟೀ ತಂದಿದೀನಿ."

"ನೀನು ನೋಡಿದ್ಯಾ ಅವರನ್ನ?"

"ಇಲ್ಲಪ್ಪ, ನಾನು ಕಾರಿಡಾರ್‌ನಲ್ಲಿದ್ದೆ. ಕೇಳಿಸ್ತಲ್ಲ!"

ಅದು ವಿಚಿತ್ರವೆಂದು ಆಗಲೇ ಮೊದಲ ಬಾರಿಗೆ ನನಗೆ ಹೊಳೆದದ್ದು. ಹೆಲೆನ್‌ರನ್ನು ಕೇಳಿದೆ. ಅವರಿಗೆ ಏನೂ ಕೇಳಿಸಿರಲಿಲ್ಲ. ತಾನು ತಪ್ಪಿದ್ದು, ನಾನು ಸುಮ್ಮನೆ ನಿಂತದ್ದು, ಆಮೇಲೆ ಸರಿಯಾದ ಜಾಗದಲ್ಲಿ ನಾನು ಎತ್ತಿಕೊಂಡದ್ದು, ಇಷ್ಟೇ ಎಂದರು. ಅಭ್ಯಾಸಬಲದಿಂದ ನನ್ನ ಕಿವಿಯೇ ಅದನ್ನು ತುಂಬಿಕೊಂಡಿರಬೇಕು ಎಂದೂ ಸೇರಿಸಿದರು. ಇರಬಹುದು. ಆದರೆ ಶೋಭಾ ಆ ಸಂಗೀತವನ್ನು ಹಿಂದೆ ಕೇಳಿದವಳೇ ಅಲ್ಲ.

ಸಂಜೆ ಕಾಲಿನ್‌ಗೆ ಫೋನ್ ಮಾಡಿದೆ. ನಾನು ಏನನ್ನೂ ಹೇಳುವ ಮೊದಲೇ ಅವರು ನಗುತ್ತಾ ಶುರು ಮಾಡಿದರು. "ಏರ್‌ಪೋರ್ಟಿನಿಂದ ಮನೆಗೆ ಬಂದು ಕುರ್ಚಿಯಲ್ಲೇ ನಿದ್ದೆ ಹೋದೆ ನೋಡು. ಕನಸಿನಲ್ಲಿ ನಿಮ್ಮ ಜೊತೆ ನುಡಿಸುತ್ತಿದ್ದೆ. ಚಿಕ್ಕವನಾಗಿದ್ದಾಗ ಜೋರಾಗಿ ಊದಿದರೆ ರೂತ್ ಹೀಗೆ ಕೈಯಾಡಿಸಿ ಮೆಲ್ಲಗೆ ಎನ್ನುತ್ತಿದ್ದಳು. ಕನಸಿನಲ್ಲೂ ಅದೇ!"

ನಾನು ಕೇಳಿದ್ದನ್ನು ಅವರಿಗೆ ಹೇಳದೆ, ಮುಂದಿನ ತಿಂಗಳು ಬನ್ನಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಮುಂದಿನ ತಿಂಗಳು ಕಾಲಿನ್ ಬಂದರು. ಅದೇ ಕೋಣೆಯಲ್ಲಿ ಮೂವರೂ ಸೇರಿ ನುಡಿಸಿದೆವು. ರೂತ್ ಉದ್ದಕ್ಕೂ ತಮ್ಮನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಅವರ ಕೆನ್ನೆ ಸವರಿದರು. ವಸಂತ ಬರುವ ಮೊದಲೇ ರೂತ್ ತೀರಿಕೊಂಡರು.

ಮೂವರೂ ನುಡಿಸಿದ ದಿನ ಕಾರಿನ ಹತ್ತಿರ ಕಾಲಿನ್ ನನ್ನನ್ನು ಕೇಳಿದ್ದರು, "ನಾನಿಲ್ಲದೆ ಅವತ್ತು ತುಂಬಾ ಸಪ್ಪೆಯಾಗಿತ್ತೇ?" ಹೌದು ಎಂದು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಆ ಹಾರ್ನನ್ನು ಅವರು ಅವತ್ತಿನಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.