ಮೆಣಸಿನಕಾಯಿ ಅಂಗಡಿಯ ಹಲಗೆ

ನನ್ನ ಮೂಗು ಸರಿಯಾಗಿಯೇ ಇದೆ ಎಂದು ಬಹಳ ವರ್ಷ ನಂಬಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟವನಿಗೆ ಇಂಥ ನಂಬಿಕೆ ಬೇಕೇ ಬೇಕು. ಸುಗ್ಗಿಯಲ್ಲಿ ಪರವೂರಿನವರು ಬಸ್ಸಿಳಿಯುತ್ತಲೇ ಸೀನತೊಡಗುತ್ತಾರೆ. ನಾವು, ಪಾಪ, ನೆಗಡಿಯಾಗಿರಬೇಕು ಎಂದು ಮರುಗುತ್ತೇವೆ.

ಆ ವರ್ಷ ನಮ್ಮ ಮನೆಗೆ ಬಟ್ಟೆ ಒಗೆಯುವ ಮಶೀನು ಬಂತು. ಅದರ ಬೆನ್ನಿಗೇ, ರಾಣೆಬೆನ್ನೂರಿಗೆ ಕೊಟ್ಟ ಮಗಳು ಸುಧಾ ಹೆತ್ತಳು. ಬಾಣಂತನಕ್ಕೆ ಕೂಸಿನೊಡನೆ ತವರಿಗೆ ಬರುವುದಿತ್ತು. ಬಚ್ಚಲ ಪಕ್ಕದ ಕೋಣೆಯನ್ನು ಮಶೀನಿಗೆ ಬಿಟ್ಟುಕೊಟ್ಟಿದ್ದೆವು. ಕೂಸಿನ ಬಟ್ಟೆ ಒಗೆದು ಮಡಚಿಡಲು ಅಲ್ಲೊಂದು ಶೆಲ್ಫ್ ಬೇಕು ಎಂದಳು ಹೆಂಡತಿ ಗಿರಿಜಾ. ಕಡಪಾ ಕಲ್ಲು ಕೂಡಿಸೋಣ ಎಂಬುದು ಅವಳ ಮತ. ನನಗೋ, ಮೊದಲ ಮೊಮ್ಮಗಳ ಅಂಗಿ ನಾನೇ ಕೈಯಾರೆ ಮಾಡಿದ ಹಲಗೆಯ ಮೇಲೆ ಇರಬೇಕೆಂಬ ಆಸೆ. ಅಜ್ಜನಾದ ಸಂಭ್ರಮದಲ್ಲಿ ಮನುಷ್ಯ ಬಡಿಗನೂ ಆಗಬಲ್ಲೆ ಎಂದುಕೊಳ್ಳುತ್ತಾನೆ.

“ಮೊಳಿ ಬಡಿಯಾಕ ಹೋಗಿ ಕೈಬೆರಳ ಬಡಕೊಳ್ಳೋರು ನೀವು. ಸುಮ್ನ ಕುಂದರ್ರಿ,” ಎಂದಳು.

ಕುಂದರಲಿಲ್ಲ. ಅಂಗಡಿಯಲ್ಲಿ ಒಂದು ಸಾಗವಾನಿ ಹಲಗೆ ಇತ್ತು. ಅಪ್ಪನ ಕಾಲದಿಂದ ಅದರ ಮೇಲೆ ಮೆಣಸಿನಕಾಯಿ ಚೀಲ ಒಟ್ಟುತ್ತ ಬಂದಿದ್ದೆವು. ಇಂಥ ಕಟ್ಟಿಗೆ ಈಗ ಎಲ್ಲಿ ಸಿಕ್ಕೀತು? ಮನೆಗೆ ತಂದು, ತೊಳೆದು, ಒಣಗಿಸಿ ರಂದಾ ಹೊಡೆದು ನಯಮಾಡಿದೆ. ಸುರುಳಿ ಸುರುಳಿಯಾಗಿ ಬಿದ್ದ ಹೊಟ್ಟು ಚೆಂದದ ಕೆಂಪು. ಸಾಗವಾನಿಯ ಗುಣ ಎಂದು ಹೆಮ್ಮೆಪಟ್ಟೆ. ಹಲಗೆಯನ್ನು ಗೋಡೆಗೆ ಕೂಡಿಸಿ, ಅದರ ಮೇಲೆ ತುಂಬಿದ ತಂಬಿಗೆ ಇಟ್ಟು ನೋಡಿದರೆ ನೀರು ಒಂದು ಕಡೆಗೂ ವಾಲಲಿಲ್ಲ. ಗಿರಿಜಾ ಅಂಚಿಗೆ ಅರಿಷಿಣ ಕುಂಕುಮ ಹಚ್ಚಿದಳು. ಆದರೂ ಅವಳ ಅನುಮಾನ ಹೋಗಲಿಲ್ಲ.

“ಮೊದ್ಲ ನಿಮ್ಮ ಬನೀನ ಇಡ್ರಿ. ಕೂಸಿಂದು ಆಮ್ಯಾಲ ನೋಡೋಣು.”

ಮಶೀನಿನಿಂದ ತೆಗೆದ ಬನೀನು ಇನ್ನೂ ಹಸಿಯಿದ್ದಾಗಲೇ ಇಟ್ಟೆ. ಮರುದಿನ ಅದನ್ನೇ ತೊಟ್ಟು, ಮಗಳನ್ನು ಕರೆತರುವ ದಿನ ಗೊತ್ತು ಮಾಡಲು ರಾಣೆಬೆನ್ನೂರಿಗೆ ಹೊರಟೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಬೆವರು ಒಡೆಯಿತು, ಬೆನ್ನು ಉರಿಯತೊಡಗಿತು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಎಂದು ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದವನು ನಾನು. ನನ್ನ ಬೆನ್ನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಬೀಗರ ಮನೆಯ ಕಂಬಕ್ಕೆ ಎಮ್ಮೆಯ ಹಾಗೆ ಬೆನ್ನು ತಿಕ್ಕುತ್ತ ನಿಂತವನನ್ನು ನೋಡಿ ಬೀಗರು ಗಾಬರಿಯಾದರು. ಅಂಗಿ ಬಿಚ್ಚಿಸಿದರೆ ಬನೀನಿನ ಮೇಲೆ ಕೆಂಪು ಪಟ್ಟೆ. ಅವರು ಮೂಸಿ ನೋಡಿ, ಗಟ್ಟಿಯಾಗಿ ಸೀನಿ, “ಬೀಗರ, ಇದು ನಿಮ್ಮ ಅಂಗಡಿದಾ ಐತಲ್ರಿ!” ಎಂದರು.

ಕಣ್ಣು ಎಲ್ಲವನ್ನೂ ನೋಡುತ್ತದೆ, ತನ್ನನ್ನು ಮಾತ್ರ ನೋಡಿಕೊಳ್ಳಲಾರದು ಎನ್ನುತ್ತಾರೆ ವೇದಾಂತಿಗಳು. ಅವರು ಬ್ಯಾಡಗಿಗೆ ಬಂದಿದ್ದರೆ ಮೂಗಿನ ಬಗ್ಗೆಯೂ ನಾಲ್ಕು ಮಾತು ಹೇಳುತ್ತಿದ್ದರು. ಆ ಉರಿ ಕೂಸಿನ ಎಳೆ ಮೈಗೆ ಹತ್ತಿದ್ದರೆ ಏನು ಗತಿ ಎಂದುಕೊಂಡೆ. ಹತ್ತಲಿಲ್ಲವಲ್ಲ ಎಂಬ ಸಂತೋಷಕ್ಕೆ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಊರಿಗೆ ಬಂದೆ.

ಎದುರಿನ ಗೋಡೆಗೆ ಕಡಪಾ ಕಲ್ಲು ಬಂತು. ಗಿರಿಜಾ ಅದಕ್ಕೂ ಅರಿಷಿಣ ಕುಂಕುಮ ಹಚ್ಚಿದಳು. ಆ ಕುಂಕುಮವೇ ಹೆಚ್ಚು ಖಾರವಾಗಿತ್ತು. ನನ್ನ ಹಲಗೆಯನ್ನು ಕೀಳಬೇಕೆಂದಿದ್ದೆ, ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಸುಧಾ ಬಂದಳು. ಕೂಸನ್ನು ಅವ್ವನ ಕೈಗೆ ಕೊಟ್ಟು, ಹೊಸ ಮಶೀನು ನೋಡಲು ಕೋಣೆಗೆ ಹೋದವಳು ಹಲಗೆಯ ಮುಂದೆ ನಿಂತುಬಿಟ್ಟಳು. ಮೂಗು ಹಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು.

“ಅಪ್ಪಾ, ಸಣ್ಣಾಕಿದ್ದಾಗ ಸಾಲಿ ಬಿಟ್ಟ ಕೂಡ್ಲೆ ಅಂಗಡ್ಯಾಗ ಚೀಲದ ಮ್ಯಾಲ ಮಲಗ್ತಿದ್ನಲ್ಲ, ಅದಾ ವಾಸನಿ. ಇಲ್ಲಿದ್ದಾಗ ಗೊತ್ತಾ ಆಗಿರಲಿಲ್ಲ ನೋಡು.”

ಅವಳ ಕಣ್ಣು ತುಂಬಿದ್ದವು. ಘಾಟಿಗೋ ಮತ್ತೊಂದಕ್ಕೋ ಕೇಳಲಿಲ್ಲ, ನನ್ನವೂ ತುಂಬಿದ್ದವು. ಪೆಟ್ಟಿಗೆ ತೆರೆದು, ಕೂಸನ್ನು ಎತ್ತಿಕೊಳ್ಳುವಾಗ ಉಡದ ತನ್ನ ಜರಿಯ ಸೀರೆಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸತೊಡಗಿದಳು.

“ಬ್ಯಾಡವಾ, ಬಣ್ಣ ಹತ್ತತೈತಿ,” ಎಂದೆ.

“ಹತ್ತಲಿ ಬಿಡಪ್ಪಾ,” ಎಂದಳು, ಸೀನುತ್ತ.