ರೋಮಿನ ಸಿಪಾಯಿಗೆ ದೇವೀರಪ್ಪನವರ ತಲೆ

"ಅಲ್ಲಾಡಬೇಡಿ ಅಂದೆ ಕಣ್ರೀ. ಒಂದು ಗಳಿಗೆ ನೆಟ್ಟಗೆ ಕೂತ್ಕಳಿ."

"ಟೀ ಬರೋಗಂಟ ಈ ತಲೆ ನೆಟ್ಟಗೆ ನಿಲ್ಲಲ್ಲ."

ಬೇಲೂರು ಬಸ್ ನಿಲ್ದಾಣದ ಹಿಂದಿನ ಓಣಿ. ಯಗಚಿ ಹೊಳೆ ಕಡೆಯ ಮಂಜು ಇನ್ನೂ ಸರಿದಿಲ್ಲ, ಬಿಕ್ಕೋಡಿನ ಮೊದಲ ಬಸ್ಸು ಹಾರನ್ ಹೊಡೆಯುತ್ತಿದೆ. ತಗಡಿನ ಮಾಡಿನ ಕೆಳಗೆ ಇದ್ದಿಲು ಕೆಂಪಗಾಗಿದೆ. ಮಣೆಯ ಮೇಲೆ ಕೂತ ದೇವೀರಪ್ಪನವರ ತಲೆಗೆ ಹಿತ್ತಾಳೆಯ ಶಿರಸ್ತ್ರಾಣ ಹಾಕಿ, ಹೆಂಡತಿ ಕಾಂತಮ್ಮ ಬೆರಳು ತೂರಿಸಿ ಸಂದು ನೋಡುತ್ತಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಪಾಯಿಗಳು ತೊಡುತ್ತಿದ್ದಂಥದ್ದು. ಕತ್ತಿನ ಮೇಲೆ ಅಗಲವಾದ ಅಂಚು, ಕೆನ್ನೆಗಳ ಮೇಲೆ ಇಳಿಬಿದ್ದ ಎರಡು ರೆಕ್ಕೆ.

"ಬಲಕ್ಕೆ ತಿರುಗಿ."

ದೇವೀರಪ್ಪ ತಿರುಗುತ್ತಾರೆ. ಶಿರಸ್ತ್ರಾಣ ತಿರುಗುವುದಿಲ್ಲ. ಕೆನ್ನೆಯ ರೆಕ್ಕೆ ಅವರ ಕಣ್ಣಿಗೇ ಅಡ್ಡ ಬರುತ್ತದೆ.

"ಥೂ," ಎನ್ನುತ್ತಾ ಕಾಂತಮ್ಮ ಅದನ್ನು ಕಿತ್ತುಕೊಂಡು, ರೆಕ್ಕೆಗಳನ್ನು ಕಳಚಿಟ್ಟು, ಮತ್ತೆ ಬೆಂಕಿಗೆ ಹಿಡಿಯುತ್ತಾರೆ.

ಕಾಂತಮ್ಮ ಅರಸೀಕೆರೆಯ ಪಾತ್ರೆ ವ್ಯಾಪಾರದ ಮನೆಯ ಮಗಳು. ತಂದೆ ಷಡಕ್ಷರಪ್ಪನವರ ಅಂಗಡಿಯ ಹಿಂದೆಯೇ ಹಂಡೆ, ಕೊಡಪಾನ ಬಡಿಯುವ ಕೊಟ್ಟಿಗೆ ಇತ್ತು. ಕೂಲಿಯವರು ಊಟಕ್ಕೆ ಎದ್ದಾಗ ಸುತ್ತಿಗೆ ಹಿಡಿದ ಹುಡುಗಿ ಆಮೇಲೆ ಕೆಳಗಿಡಲಿಲ್ಲ. ಮಾರಿದ ಪಾತ್ರೆಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕುವುದೂ ಅವರದೇ ಕೆಲಸವಾಯಿತು. "ನಮ್ಮಪ್ಪ ಒಂದು ಮಾತು ಹೇಳೋರು. ಗಿರಾಕಿ ನೀರು ತುಂಬಿ ನೋಡ್ಲಿ, ಬಡಿದು ನೋಡ್ಲಿ. ಹೆಸರು ಬಿದ್ದಮ್ಯಾಕೆ ಮಾತ್ರ ವಾಪಸ್ ಇಲ್ಲ. ಅದಕ್ಕೇ, ನಿಂಗೆ ಧೈರ್ಯ ಇದ್ರೆ ಮಾತ್ರ ಹೆಸರು ಹಾಕು ಅನ್ನೋರು."

ಮದುವೆಯಾಗಿ ಬೇಲೂರಿಗೆ ಬರುವ ಹೊತ್ತಿಗೆ ಹಂಡೆಗಳ ಕಾಲ ಮುಗಿಯುತ್ತಿತ್ತು. ಈಗ ಬರುವುದು ಕಲಾಯಿ ಹಾಕುವ, ನೆಗ್ಗು ತೆಗೆಯುವ ಕೆಲಸ. ಹೊಸ ತಗಡು ಬಡಿಯುವ ಕೆಲಸವೆಂದು ಉಳಿದಿರುವುದು ಈ ಶಿರಸ್ತ್ರಾಣ ಒಂದೇ.

ಆ ಕೆಲಸ ತಂದವರು ಗೈಡ್ ದೀಪಕ್. ಎರಡು ವರ್ಷದ ಹಿಂದೆ ಅವರ ಜೊತೆ ದೇವಸ್ಥಾನ ನೋಡಿ ಬಂದ ಇಂಗ್ಲೆಂಡಿನವರೊಬ್ಬರು ಈ ಓಣಿಯ ಸದ್ದಿಗೆ ನಿಂತರು. ಅವರ ಊರಿನಲ್ಲಿ ರೋಮಿನ ಸಿಪಾಯಿಗಳ ವೇಷ ಹಾಕಿ ಕವಾಯತು ಮಾಡುವ ಒಂದು ಗುಂಪಿದೆಯಂತೆ. ಫೋನಿನಲ್ಲಿ ಚಿತ್ರ ತೋರಿಸಿ, ಮಾಡುತ್ತೀರಾ ಎಂದರು. ಕಾಂತಮ್ಮ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರು. "ಬೋರಲು ಹಾಕಿದ ಕೊಡ ಕಣ್ರೀ ಅದು. ಆಗ್ತದೆ ಅಂದೆ."

ಎಡವಿದ್ದು ಅಲ್ಲೇ. ಮೊದಲು ಕಳಿಸಿದ ಆರೂ ಹಿಂದಿರುಗಿ ಬಂದವು. ಮೆರವಣಿಗೆಯಲ್ಲಿ 'ಬಲಕ್ಕೆ ನೋಡು' ಎಂದರೆ ತಲೆಗಳು ತಿರುಗಿದವು, ಶಿರಸ್ತ್ರಾಣಗಳು ನೇರವಾಗಿಯೇ ಇದ್ದವು. ಒಳಗೆ ಹತ್ತಿ ತುಂಬಿದರೂ ನಿಲ್ಲಲಿಲ್ಲವಂತೆ.

"ಕೊಡ ಗುಂಡಗಿರ್ತದೆ. ತಲೆ ಗುಂಡಗಿರಲ್ಲ. ಇಷ್ಟು ವಯಸ್ಸಾಗಿ ಇದು ಹೊಳೀಲಿಲ್ಲ ನಂಗೆ," ಎಂದು ಕಾಂತಮ್ಮ ನಗುತ್ತಾರೆ. ಬಂದ ಆರರಲ್ಲಿ ಒಂದು ಈಗ ಇದ್ದಿಲು ತುಂಬುವ ಬುಟ್ಟಿ. ಇನ್ನೊಂದರಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತಿದೆ.

ಇನ್ನೊಂದೇ ಒಂದು ಮಾದರಿ ನೋಡುತ್ತೇವೆ, ಆಗದಿದ್ದರೆ ಮೆಷಿನ್ನಿನಲ್ಲಿ ಮಾಡಿದವನ್ನೇ ಕೊಳ್ಳುತ್ತೇವೆ ಎಂದು ಆ ಗುಂಪಿನವರು ತಿಳಿಸಿದ್ದಾರೆ. ಆ ಒಂದು ಇವತ್ತು ಹೊರಡಬೇಕು.

ಹಾಗಾಗಿ, ತೊಡುವವನ ತಲೆಯ ಅಳತೆಗೆ ಹೊಂದುವ ದೇವೀರಪ್ಪನವರ ತಲೆಗೆ ಕೆಲಸ ಬಿದ್ದಿದೆ. ತಗಡಿನ ಪಟ್ಟಿಯೊಂದನ್ನು ಅವರ ತಲೆಯ ಸುತ್ತ ಬಿಗಿದು ತೆಗೆದರೆ ಹಲಸಿನ ಬೀಜದ ಆಕಾರ ಬಂತು. ಅದೀಗ ಒಲೆಯ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಕಷ್ಟ ಕೊಡುತ್ತಿರುವುದು ಕಾಂತಮ್ಮನವರ ಎಡಗೈ. ಬಲಗೈ ಬಡಿಯುವಾಗ ಎಡಗೈ ತಗಡನ್ನು ಒಂದೇ ಸಮ ತಿರುಗಿಸುತ್ತಾ ಹೋದರೆ ಪಾತ್ರೆ ಗುಂಡಗಾಗುತ್ತದೆ. ಮೂವತ್ತು ವರ್ಷ ಹಾಗೆ ತಿರುಗಿಸಿದ ಕೈ ಅದು. "ಬ್ಯಾಡ ಅಂದ್ರೂ ತಿರುಗಿಸ್ತದೆ. ಎತ್ತಿಗೆ ಹೇಳ್ದಂಗೆ ಹೇಳ್ತಿವ್ನಿ, ನಿಲ್ಲು, ನಿಲ್ಲು ಅಂತ."

"ನಂಗೂ ಹಂಗೇ ಹೇಳ್ತಾಳೆ," ಎನ್ನುತ್ತಾರೆ ದೇವೀರಪ್ಪ.

"ನಿಮ್ಮ ತಲೆ ಇವತ್ತಾದ್ರೂ ಒಂದು ಉಪಯೋಗಕ್ಕೆ ಬಂತಲ್ಲ, ಸುಮ್ನಿರಿ."

ಬೆಂಕಿಯಲ್ಲಿ ಕೆಂಪಾಗಿ ಮೆತ್ತಗಾದ ಹಿತ್ತಾಳೆಯನ್ನು ನೀರಿಗಿಳಿಸಿ, ಕಬ್ಬಿಣದ ಗೂಟದ ಮೇಲೆ ಕವುಚುತ್ತಾರೆ. ಎರಡು ಕಿವಿ ಬರುವ ಬದಿಗೂ ಸುಣ್ಣದ ಗುರುತು. ಪೆಟ್ಟು ಅಲ್ಲಿಗೇ ಬೀಳಬೇಕು. ಎಡಗೈ ಒಮ್ಮೆ ತಿರುಗಿಸಲು ಹೋಗುತ್ತದೆ, ಕಾಂತಮ್ಮ ತಡೆದು ಹಿಂದಕ್ಕೆ ತರುತ್ತಾರೆ. ಮಂಜು ಕರಗಿ, ಬಿಸಿಲು ಮಾಡಿನೊಳಕ್ಕೆ ಬರುವವರೆಗೂ ಬಡಿಯುತ್ತಾರೆ. ಆಮೇಲೆ ರೆಕ್ಕೆಗಳನ್ನು ಮತ್ತೆ ಸಿಕ್ಕಿಸಿ, "ಬನ್ನಿ," ಎನ್ನುತ್ತಾರೆ.

ದೇವೀರಪ್ಪ ತೊಟ್ಟು ಬಲಕ್ಕೆ ತಿರುಗುತ್ತಾರೆ, ಎಡಕ್ಕೆ ತಿರುಗುತ್ತಾರೆ. ಶಿರಸ್ತ್ರಾಣವೂ ಜೊತೆಗೇ ತಿರುಗುತ್ತದೆ. ಬೇಕೆಂದೇ ಕತ್ತು ಕೊಡವುತ್ತಾರೆ. ಕದಲುವುದಿಲ್ಲ.

"ಹೆಂಡ್ತಿಗಿಂತ ಬಿಗಿ ಐತೆ ಕಣೇ."

ಪಾರ್ಸೆಲ್ ಒಯ್ಯಲು ದೀಪಕ್ ಬೈಕಿನಲ್ಲಿ ಬರುತ್ತಾರೆ. ಆ ಗುಂಪಿನವರಿಗೆ ಕತ್ತಿನ ಅಂಚಿನ ಮೇಲೆ ತೊಡುವವನ ಹೆಸರು ಬೇಕು. ಆ ಕಾಲದ ಸಿಪಾಯಿಗಳೂ ಹಾಗೇ ಚುಕ್ಕಿ ಹೊಡೆದು ಹಾಕಿಸಿಕೊಳ್ಳುತ್ತಿದ್ದರಂತೆ. ಮೊದಲ ಆರನ್ನು ಕಾಂತಮ್ಮ ಹೆಸರಿಲ್ಲದೆಯೇ ಕಳಿಸಿದ್ದರು.

"ಈ ಸಲವೂ ಹೆಸರು ಬೇಡ ಅಕ್ಕ," ಎನ್ನುತ್ತಾರೆ ದೀಪಕ್. "ಅಕಸ್ಮಾತ್ ವಾಪಸ್ ಬಂದ್ರೆ ಬೇರೆ ಯಾರಿಗಾದ್ರೂ ಕೊಡಬಹುದು."

ಕಾಂತಮ್ಮ ಶಿರಸ್ತ್ರಾಣವನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಸಣ್ಣ ಉಳಿ ಎತ್ತಿಕೊಳ್ಳುತ್ತಾರೆ.

"ತೊಡೋನ ಹೆಸರು ಸುಣ್ಣದಲ್ಲಿ ಬರಿಯಪ್ಪ ಇಲ್ಲಿ. ಅಕ್ಷರ ದೊಡ್ಡದಾಗಿ ಬರಿ."